ಅಂಗಡಿಯಲ್ಲಿ ಸಿಗುವ ಪ್ರಾಜೆಕ್ಟಿಗೆ ಯಾರ ಹೆಸರಿನಲ್ಲಿ ಅಂಕ?

ಗೆ,
ಮಾನ್ಯ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ನೃಪತುಂಗ ರಸ್ತೆ, ಬೆಂಗಳೂರು
ಮಾನ್ಯ ನಿರ್ದೇಶಕರು, ಡಿಎಸ್‌ಇಆರ್‌ಟಿ, ಬನಶಂಕರಿ 3ನೇ ಹಂತ, ಬೆಂಗಳೂರು

ವಿಷಯ: ಮಕ್ಕಳ ಪ್ರಾಜೆಕ್ಟ್‌ಗಳನ್ನೂ ಅವುಗಳ ಮೌಲ್ಯಮಾಪನವನ್ನೂ ಶಿಕ್ಷಕರು ಒಟ್ಟಿಗೆ ಕೂತು ರೂಪಿಸಲು ಸಮಯ ಮತ್ತು ಅಧಿಕಾರ ಕೊಡುವ ಬಗ್ಗೆ.

ಮಾನ್ಯರೇ,

ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಅಂಕ ತುಂಬುವ ಕೊನೆಯ ದಿನ ಹತ್ತಿರ ಬಂತೆಂದರೆ ನಮ್ಮ ಸುಂಕದಕಟ್ಟೆಯ ಜೆರಾಕ್ಸ್ ಅಂಗಡಿಗಳಲ್ಲಿ ಸಂಜೆ ಏಳರ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ, ಐಡಿ ಕಾರ್ಡು ಇನ್ನೂ ಕೊರಳಲ್ಲೇ ಇರುವ ತಾಯಂದಿರು, ಅವರ ಪಕ್ಕದಲ್ಲಿ ಯೂನಿಫಾರ್ಮ್ ಬಿಚ್ಚದ ಮಕ್ಕಳು. 'ಅಣ್ಣಾ, ಜಲಮಾಲಿನ್ಯ, ಎಂಟನೇ ಕ್ಲಾಸು' ಎಂದರೆ ಸಾಕು. ಅಂಗಡಿಯ ಹುಡುಗ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದು, ಹಿಂದಿನ ಮಗುವಿನ ಹೆಸರು ಅಳಿಸಿ ಈ ಮಗುವಿನ ಹೆಸರು ಕುಟ್ಟುತ್ತಾನೆ. ಬಾರ್ಡರ್ ಇರುವ ಹಾಳೆ, ಕಲರ್ ಪ್ರಿಂಟು, ಸ್ಪೈರಲ್ ಬೈಂಡಿಂಗು. ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ಮುಖಪುಟದಲ್ಲಿ ದೆಹಲಿಯ ಯಮುನೆಯ ಬಿಳಿ ನೊರೆ. ಹೇರೋಹಳ್ಳಿ ಕೆರೆ ಇಲ್ಲಿಂದ ನಡೆದು ಹೋಗುವ ದೂರ. ಮೈಸೂರು ರಸ್ತೆಯ ಗಾಳಿ ಆಂಜನೇಯ ಗುಡಿಯ ಪಕ್ಕದಲ್ಲಿ ವೃಷಭಾವತಿ ಮೂಗು ಮುಚ್ಚಿಕೊಳ್ಳುವ ಹಾಗೆ ಹರಿಯುತ್ತಾಳೆ. ಪ್ರಾಜೆಕ್ಟಿನಲ್ಲಿ ಎರಡರ ಹೆಸರೂ ಇಲ್ಲ. ನಾನು ಕೈಗೆತ್ತಿಕೊಂಡ ಒಂದು ಪ್ರತಿಯ 'ಕೃತಜ್ಞತೆಗಳು' ಪುಟದಲ್ಲಿ ಮಗು ತನಗೆ ಮಾರ್ಗದರ್ಶನ ಮಾಡಿದ ದಾವಣಗೆರೆಯ ಮುಖ್ಯ ಶಿಕ್ಷಕರಿಗೆ ವಂದನೆ ಸಲ್ಲಿಸಿತ್ತು. ಆ ಮಗು ದಾವಣಗೆರೆ ನೋಡಿಲ್ಲ. ಆ ಪುಟವನ್ನು ಯಾವ ಮೇಡಮ್ಮೂ ಓದುವುದಿಲ್ಲ. ಅಂಕ ಮಾತ್ರ ಬೀಳುತ್ತದೆ.

ಇದನ್ನು ಓದಿದ ಕೂಡಲೇ ಅಂಗಡಿಗಳ ವಿರುದ್ಧ ಸುತ್ತೋಲೆ ಹೊರಡಿಸುವ ಯೋಚನೆ ಬಂದರೆ ದಯವಿಟ್ಟು ಕೈಬಿಡಿ. ಅಂಗಡಿಯವನು ಕೇಳಿದ್ದನ್ನು ಕೊಡುತ್ತಾನೆ. ಬೆಳಿಗ್ಗೆ ಕಾರ್ಖಾನೆಯ ಗೇಟು ಮುಚ್ಚುವುದರೊಳಗೆ ಓಡಬೇಕಾದ ತಾಯಿ, ನಾಳೆ ಮಗು ಬೈಸಿಕೊಳ್ಳದಿರಲಿ ಎಂದು ದುಡ್ಡು ಎಣಿಸುತ್ತಾಳೆ. ಮಗುವನ್ನಂತೂ ದೂರುವಂತೆಯೇ ಇಲ್ಲ. 'ಜಲಮಾಲಿನ್ಯದ ಬಗ್ಗೆ ಮಾಹಿತಿ ಸಂಗ್ರಹಿಸಿ ಪ್ರಾಜೆಕ್ಟ್ ಮಾಡಿಕೊಂಡು ಬಾ' ಎಂದಿರಿ. ಸಂಗ್ರಹಿಸಿದೆ, ಎಲ್ಲಿ ಸಿಗುತ್ತದೋ ಅಲ್ಲಿಂದ. ಕೊಳ್ಳಲು ಸಿಗುವಂಥ ಕೆಲಸವನ್ನೇ ಕೊಟ್ಟು, ಕೊಂಡು ತಂದರು ಎಂದು ಗೊಣಗುವುದು ಯಾವ ನ್ಯಾಯ? ನನ್ನ ದೂರು ಆ ಒಂದು ಸಾಲಿನ ಕೆಲಸದ ಮೇಲೆ, ಅದನ್ನು ಹಾಗೆಯೇ ಕೊಡುವುದು ಬಿಟ್ಟು ಬೇರೆ ದಾರಿ ಇಲ್ಲದಂತೆ ಶಿಕ್ಷಕಿಯನ್ನು ಕಟ್ಟಿಹಾಕಿರುವ ಏರ್ಪಾಡಿನ ಮೇಲೆ.

ನಾನು ಪ್ರೌಢಶಾಲೆಯಲ್ಲಿ ಭೌತ, ರಸಾಯನ, ಗಣಿತದ (ಪಿಸಿಎಂ) ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಸೇವೆಯಲ್ಲಿದ್ದಾಗ ಯಾಕೆ ಬರೆಯಲಿಲ್ಲ ಎಂದು ಕೇಳುವವರಿಗೆ ನಡತೆ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಮೊದಲು ಲೆಕ್ಕ ನೋಡೋಣ, ಹಳೆಯ ಚಾಳಿ. ಪ್ರೌಢಶಾಲೆಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ. ಪ್ರತಿಯೊಂದಕ್ಕೂ ಒಂದು ಸಾಧನಾ ಪರೀಕ್ಷೆ, ಎರಡು ಚಟುವಟಿಕೆ. ಅಂದರೆ ಒಂದು ವಿಷಯಕ್ಕೆ ವರ್ಷಕ್ಕೆ 8 ಚಟುವಟಿಕೆ, ಆರು ವಿಷಯ ಸೇರಿ ಒಂದು ಮಗುವಿಗೆ 48. ಶಿಕ್ಷಕಿಯ ಕಡೆಯಿಂದ ನೋಡಿ: ಅರವತ್ತು ಮಕ್ಕಳ ಮೂರು ವಿಭಾಗ ಇದ್ದರೆ 1,440 ಚಟುವಟಿಕೆ. ಒಂದಕ್ಕೆ ಐದೇ ನಿಮಿಷ ಕೊಟ್ಟರೂ 120 ಗಂಟೆ. ಪಾಠ, ನೋಟ್ಸ್ ತಿದ್ದುವುದು, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ಮಾಹಿತಿಯ ಸ್ಯಾಟ್ಸ್ ಜಾಲತಾಣಕ್ಕೆ ಎಂಟ್ರಿ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಇವುಗಳ ನಡುವೆ ಈ 120 ಗಂಟೆ ಎಲ್ಲಿಂದ ಬರಬೇಕು? 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರೂ ಇದೇ ಶಿಕ್ಷಕರು. ಅದಕ್ಕಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ಜಗಳ ಇನ್ನೊಂದು ಪತ್ರಕ್ಕಿರಲಿ.

ಹೀಗಾಗಿ ಏನಾಗುತ್ತದೆಂದು ನಿಮಗೂ ಗೊತ್ತು, ನಮಗೂ ಗೊತ್ತು. ಅಂಕ ಮೊದಲು ಬರುತ್ತದೆ, ಪ್ರಾಜೆಕ್ಟ್ ಆಮೇಲೆ. ಜಾಣ ಮಗುವಿಗೆ 15ಕ್ಕೆ 14, ಸುಮಾರಿನವನಿಗೆ 13, ಶಾಲೆಗೇ ಬಾರದವನಿಗೆ 11. ಪರಿಶೀಲನೆಗೆ ಬರುವವರು ಕೇಳುವುದು 'ದಾಖಲೆ ಇದೆಯೇ' ಎಂದು, 'ಮಗು ಏನು ಕಲಿತಿದೆ' ಎಂದಲ್ಲ. ದಾಖಲೆ ಎಂದರೆ ಫೈಲು, ಫೈಲು ದಪ್ಪವಾಗಿರಬೇಕು, ದಪ್ಪ ಫೈಲನ್ನು ಅಂಗಡಿಯವನು ನಮಗಿಂತ ಚೆನ್ನಾಗಿ ಮಾಡಿಕೊಡುತ್ತಾನೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನದ (ಸಿಸಿಇ) ಕೈಪಿಡಿಯಲ್ಲಿ ಯಾವುದನ್ನು ಕೃತಿ ಸಂಪುಟ ಎಂಬ ಒಳ್ಳೆಯ ಹೆಸರಿನಿಂದ ಕರೆದಿದ್ದರೋ ಅದು ಬೀರುವಿನ ಮೇಲೆ ಧೂಳು ತಿನ್ನುವ ಕಟ್ಟಾಗಿದೆ.

ಎಸ್ಸೆಸ್ಸೆಲ್ಸಿಯಲ್ಲಂತೂ ಈ ಆಂತರಿಕ ಅಂಕ 100ಕ್ಕೆ 20. ಉಳಿದ 80 ಅಂಕಗಳ ಲಿಖಿತ ಪರೀಕ್ಷೆಗೆ 2024ರಲ್ಲಿ ವೆಬ್‌ಕಾಸ್ಟಿಂಗ್ ತಂದಿರಿ, ಕೊಠಡಿಗೆಲ್ಲ ಕ್ಯಾಮೆರಾ ಕಣ್ಣು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಕೊಟ್ಟ ಮೇಲೂ, ಶೇ 73.40ಕ್ಕೆ ಇಳಿಯಿತು. ಸತ್ಯ ಹೊರಬಿದ್ದಿತು ಎಂದು ಎಲ್ಲರೂ ಹೇಳಿದರು. ಒಪ್ಪಿದೆ. ಆದರೆ ಆ 20ರ ಸತ್ಯದ ಗೋಜಿಗೆ ಯಾರೂ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅದಕ್ಕೆ ಕ್ಯಾಮೆರಾ ಹಾಕಲು ಬರುವುದಿಲ್ಲ. ಅದನ್ನು ಸರಿಮಾಡಬಲ್ಲದ್ದು ಇನ್ನೊಬ್ಬ ಶಿಕ್ಷಕಿಯ ಕಣ್ಣು ಮಾತ್ರ.

ಇದು ಬರೀ ಮಾತಲ್ಲ. ನಿವೃತ್ತಿಯ ಮೇಲೆ ಒಂದು ಶನಿವಾರ, ಬೆಳಗಿನ ತರಗತಿ ಮುಗಿದ ನಂತರ, ಪರಿಚಯದ ಕೆಲವು ಶಿಕ್ಷಕರು ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತೆವು. ಬೇರೆ ಬೇರೆ ಶಾಲೆಯವರು: ಒಬ್ಬರು ಸರ್ಕಾರಿ, ಒಬ್ಬರು ಅನುದಾನಿತ, ಇಬ್ಬರು ಖಾಸಗಿ. ವಿಷಯಗಳೂ ಬೇರೆ. ಆ ಶಾಲೆಗಳ ಹೆಸರು ಬರೆಯುವುದಿಲ್ಲ; ಬರೆದರೆ 'ಅನುಮತಿ ಪಡೆದಿದ್ದಿರಾ' ಎಂದು ಸೋಮವಾರವೇ ಫೋನ್ ಬರುತ್ತದೆ. ಅದಕ್ಕೂ ಕೆಲವು ವಾರ ಮೊದಲು ಎಂಟನೇ ತರಗತಿಗೆ ಎಲ್ಲರೂ ಒಂದೇ ಕೆಲಸ ಕೊಟ್ಟಿದ್ದರು. 'ನಿಮ್ಮ ಮನೆಗೆ ಒಂದು ವಾರ ನೀರು ಹೇಗೆ ಬಂತು? ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ, ಎಷ್ಟು, ಯಾರು ಹಿಡಿದರು, ಎಷ್ಟು ಖರ್ಚಾಯಿತು? ಅಳೆದು ಬರೆಯಿರಿ.' 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಖಾಲಿ ಕೊಡ ಹಿಡಿದು ಟ್ಯಾಂಕರ್ ಹಿಂದೆ ಓಡಿದ ಬೀದಿಗಳ ಮಕ್ಕಳು ಇವರು. ನೀರಿನ ಬಗ್ಗೆ ಅವರಿಗೆ ಯಾರೂ ಪೀಠಿಕೆ ಹಾಕಬೇಕಾಗಿರಲಿಲ್ಲ.

ಮೇಜಿನ ಮೇಲೆ ಮೂರು ಕೆಲಸಗಳನ್ನಿಟ್ಟು, ಹೆಸರುಗಳ ಮೇಲೆ ಕಾಗದ ಅಂಟಿಸಿ, ಪ್ರತಿಯೊಬ್ಬರೂ ಪಕ್ಕದವರಿಗೆ ತೋರಿಸದೆ ಹತ್ತಕ್ಕೆ ಅಂಕ ಬರೆದೆವು.

ಮೊದಲನೆಯದು ಅಚ್ಚುಕಟ್ಟು. ಟೈಪ್ ಮಾಡಿಸಿದ್ದು. ಕಾವೇರಿ 5ನೇ ಹಂತ, ಟಿ.ಕೆ. ಹಳ್ಳಿಯ ಚಿತ್ರ, ದಿನಕ್ಕೆ 775 ದಶಲಕ್ಷ ಲೀಟರ್, 110 ಹಳ್ಳಿ, 2024ರ ಅಕ್ಟೋಬರ್ 16ರ ಉದ್ಘಾಟನೆ. ಎಲ್ಲವೂ ಸರಿಯಾದ ಮಾಹಿತಿ. ಅದರಲ್ಲಿ ಇಲ್ಲದ್ದು ಒಂದೇ, ಆ ಮಗುವಿನ ಮನೆ.

ಎರಡನೆಯದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದು. ಹುಡುಗ ವಠಾರದ ಸಂಪನ್ನು ಅಳೆದಿದ್ದ: ಉದ್ದ 6 ಅಡಿ, ಅಗಲ 5, ಆಳ 5, ಒಟ್ಟು 150 ಘನ ಅಡಿ. ಅದನ್ನು 10ರಿಂದ ಗುಣಿಸಿ 1,500 ಲೀಟರ್ ಎಂದು ಬರೆದು, ಹೊಡೆದುಹಾಕಿ, ಯಾರನ್ನೋ ಕೇಳಿಕೊಂಡು 28.3ರಿಂದ ಗುಣಿಸಿ 4,245 ಎಂದು ತಿದ್ದಿದ್ದ. ಟ್ಯಾಂಕರ್ ಬರುವ ಮೊದಲು ಕೋಲು ಇಳಿಸಿ ನೋಡಿದಾಗ ಒಂದಡಿ ನೀರು ಇತ್ತಂತೆ. ಅಂದರೆ ಇನ್ನು ಹಿಡಿಯುವುದು 120 ಘನ ಅಡಿ, 3,396 ಲೀಟರ್. ಕೊನೆಗೆ ವಕ್ರವಾದ ಅಕ್ಷರದಲ್ಲಿ ಹೀಗೆ ಬರೆದಿದ್ದ: ಟ್ಯಾಂಕರ್ ಮೇಲೆ 6,000 ಲೀಟರ್ ಎಂದು ಬರೆದಿತ್ತು, ಓನರ್ ಅಂಕಲ್ 6,000ದ ದುಡ್ಡನ್ನೇ ನಾಲ್ಕು ಮನೆಗೆ ಹಂಚಿದರು, ಸಂಪು ಉಕ್ಕಲಿಲ್ಲ, ಟ್ಯಾಂಕರ್‌ನಲ್ಲೂ ನೀರು ಉಳಿದಿರಲಿಲ್ಲ, ಮಿಕ್ಕಿದ್ದು ಎಲ್ಲಿ ಹೋಯಿತು ಗೊತ್ತಾಗಲಿಲ್ಲ.

ಮೂರನೆಯದು ಒಬ್ಬ ಹುಡುಗಿಯದು, ಏಳೇ ಸಾಲು. ಬೆಳಗಿನ ಜಾವ ಬೀದಿ ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಅಮ್ಮ ಅಡುಗೆ ಮುಗಿಸಿ ಕೆಲಸಕ್ಕೆ ಹೊರಡುವ ಹೊತ್ತು, ಎರಡನೇ ಮಹಡಿಗೆ ತಾನು ಹೊತ್ತ ಕೊಡಗಳು. ಕೊಡಗಳನ್ನು ದಿನದಿನವೂ ಗೀಟು ಎಳೆದು ಎಣಿಸಿದ್ದಳು. ಭಾನುವಾರದ ಸಾಲಿನಲ್ಲಿ ಮಾತ್ರ ಗೀಟುಗಳು ಅರ್ಧದಷ್ಟು. ಪಕ್ಕದಲ್ಲಿ 'ಅಪ್ಪ ತಂದರು' ಎಂದಿತ್ತು.

ಅಂಕ ಬಯಲಾದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲನೆಯದಕ್ಕೆ ಎಲ್ಲರೂ 8ರ ಆಸುಪಾಸು. ಎರಡನೆಯದಕ್ಕೆ ಗಣಿತದವರು 9, ಕನ್ನಡದವರು 5. ಮೂರನೆಯದಕ್ಕೆ 4ರಿಂದ 8ರ ತನಕ, ಒಬ್ಬೊಬ್ಬರದು ಒಂದೊಂದು. ಇವರೆಲ್ಲ ಅನುಭವಸ್ಥರು, ಮಕ್ಕಳ ಬಗ್ಗೆ ಕಾಳಜಿ ಇರುವವರು. ಒಂದೇ ಕಾಗದ ಒಂದು ಶಾಲೆಯಲ್ಲಿ ಜಾಣನನ್ನೂ ಪಕ್ಕದ ಬೀದಿಯ ಶಾಲೆಯಲ್ಲಿ ದಡ್ಡನನ್ನೂ ಹುಟ್ಟಿಸುತ್ತಿತ್ತು ಎಂದಾಯಿತು. ಒಬ್ಬೊಬ್ಬರೇ ತಮ್ಮ ಸ್ಟಾಫ್ ರೂಮಿನಲ್ಲಿ ಕೂತು ತುಂಬಿದ್ದರೆ ಇದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಆಮೇಲೆ ನಡೆದ ಜಗಳವೇ ಆ ದಿನದ ಫಲ. 'ಪೀಠಿಕೆ ಇಲ್ಲ, ಉಪಸಂಹಾರ ಇಲ್ಲ, ಹೊಡೆದುಹಾಕಿ ಗೀಚಿದ್ದಾನೆ, ಕಾಗುಣಿತ ನೋಡಿ' ಎಂದರು ಕನ್ನಡದ ಮೇಷ್ಟ್ರು. 'ಹೊಡೆದುಹಾಕಿದ್ದೇ ನನಗೆ ಬೇಕಾದ ಸಾಕ್ಷಿ ಸಾರ್, 10ರಿಂದ ಗುಣಿಸಿದ್ದು ತಪ್ಪು ಅಂತ ಅವನಿಗೆ ಹೊಳೆದಿದೆ' ಎಂದರು ಗಣಿತದ ಮೇಡಂ. ಸಮಾಜ ವಿಜ್ಞಾನದವರು ಆ ತನಕ ಸುಮ್ಮನಿದ್ದವರು, 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿದ್ದನ್ನು ನೆನಪಿಸಿದರು: 5 ಕಿ.ಮೀ. ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ದರ ಮಾತ್ರ ಕಟ್ಟಿದರೆ ಸಾಲದು, ಅಳತೆಯನ್ನೂ ನೋಡಬೇಕು ಎಂಬುದನ್ನು ಈ ಹುಡುಗ ಒಂದು ಕೋಲು ಇಳಿಸಿ ಕಂಡುಕೊಂಡಿದ್ದಾನೆ, ನನ್ನ ಪಾಠದಲ್ಲಿ ಗ್ರಾಹಕರ ಹಕ್ಕು ಎಂದು ಬರುವುದು ಇದೇ ಅಲ್ಲವೇ ಎಂದರು. ಕನ್ನಡದವರು ಸೋತು ಕೂರಲಿಲ್ಲ. ಮೂರನೆಯ ಹುಡುಗಿಯ ಏಳು ಸಾಲು ಎತ್ತಿ ಓದಿ, 'ಇದರಲ್ಲಿ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ. ನೀವು 4 ಕೊಟ್ಟಿದ್ದೀರಿ, ಮೊತ್ತ ಹಾಕಿಲ್ಲ ಎಂದು' ಎಂದು ಗಣಿತದವರನ್ನು ತರಾಟೆಗೆ ತೆಗೆದುಕೊಂಡರು. ಮೊದಲನೆಯ ಅಚ್ಚುಕಟ್ಟಿನ ಪ್ರಾಜೆಕ್ಟಿನ ಬಗ್ಗೆ ಒಬ್ಬರು ಮೆಲ್ಲಗೆ ಹೇಳಿದ್ದನ್ನೂ ಬರೆಯಬೇಕು: 'ಅಂಗಡಿಯದು ಅಂತ ಗೊತ್ತಾಯಿತು. ಕಡಿಮೆ ಕೊಟ್ಟರೆ ನಾಳೆ ಪೋಷಕರು ಮ್ಯಾನೇಜ್‌ಮೆಂಟ್ ಹತ್ತಿರ ಹೋಗುತ್ತಾರೆ.' ಖಾಸಗಿ ಶಾಲೆಯ ಆ ಮೇಡಮ್ಮಿನ ಭಯ ಯಾವ ಕೈಪಿಡಿಯಲ್ಲೂ ಇಲ್ಲ.

ಸಂಜೆಯ ಹೊತ್ತಿಗೆ ಒಂದು ಹಾಳೆ ತಯಾರಾಯಿತು. ಅದರಲ್ಲಿ ಅಂದಕ್ಕೆ ಅಂಕವಿಲ್ಲ. ಪುಟಗಳ ಸಂಖ್ಯೆಗೂ ಇಲ್ಲ. ಮಗು ತಾನೇ ನೋಡಿದ್ದು, ಅಳೆದದ್ದು, ಕೇಳಿದ್ದು ಎಲ್ಲಿದೆ ಎಂಬುದಕ್ಕೆ ಅರ್ಧದಷ್ಟು ಅಂಕ. ಅದರಿಂದ ಮಗು ಏನನ್ನು ತೀರ್ಮಾನಿಸಿದೆ, ಆ ತೀರ್ಮಾನಕ್ಕೆ ತನ್ನದೇ ಅಳತೆಯ ಆಧಾರ ಇದೆಯೇ ಎಂಬುದಕ್ಕೆ ಕಾಲು ಪಾಲು. ಉಳಿದದ್ದು ಎರಡು ನಿಮಿಷದ ಮಾತಿಗೆ: ಮಗುವನ್ನು ಪಕ್ಕಕ್ಕೆ ಕರೆದು 'ಇದನ್ನು ಹೇಗೆ ಅಳೆದೆ?' ಎಂದು ಕೇಳುವುದು. ಅಂಗಡಿಯ ಪ್ರಾಜೆಕ್ಟ್ ಆ ಎರಡು ನಿಮಿಷ ತಡೆಯುವುದಿಲ್ಲ. ಭಾಷೆಗೆ ಕನ್ನಡದವರು ಬೇರೆ ಕಾಲಂ ಮಾಡಿಕೊಂಡರು, ಕಾಗುಣಿತಕ್ಕಾಗಿ ಗಣಿತದ ಅಂಕ ಕಳೆಯದಂತೆ. ಹುಡುಗಿಗೆ ಎಲ್ಲರೂ ಸೇರಿ ಒಂದು ಸಾಲು ಬರೆದುಕೊಟ್ಟೆವು: ಲೀಟರ್ ಬಾಟಲಿಯಿಂದ ಒಂದು ಕೊಡ ತುಂಬಿಸಿ ನೋಡು, ಎಷ್ಟು ಬಾಟಲಿ ಹಿಡಿಯಿತು ಬರೆ. ಅವಳು ಮುಂದಿನ ವಾರ ತಂದ ಕಾಗದದಲ್ಲಿ ಕೊಡದ ಅಳತೆ ಇತ್ತು, ವಾರದ ಮೊತ್ತವೂ ಇತ್ತು. ರೂಪಣಾತ್ಮಕ ಮೌಲ್ಯಮಾಪನ ಎಂದು ತಾವು ಸುತ್ತೋಲೆಗಳಲ್ಲಿ ಬರೆಯುವುದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಮುಖ್ಯವಾಗಿ, ಒಂದೇ ಕೆಲಸವನ್ನು ಗಣಿತ, ಕನ್ನಡ, ಸಮಾಜ ಮೂರಕ್ಕೂ ಲೆಕ್ಕ ಹಿಡಿದಿದ್ದರಿಂದ ಮಗುವಿಗೆ ಎರಡು ಪ್ರಾಜೆಕ್ಟ್ ಉಳಿದವು ಎನ್ನುವುದಕ್ಕಿಂತ, ಮೂರು ಸ್ಪೈರಲ್ ಬೈಂಡಿಂಗ್ ಉಳಿದವು ಎನ್ನಬಹುದು. ಮೂರು ಕಾಗದಕ್ಕೆ ಒಂದು ಮಧ್ಯಾಹ್ನ ಹೋಯಿತಲ್ಲ, ಅರವತ್ತು ಮಕ್ಕಳಿಗೆ ಹೇಗೆ ಎಂದು ಕೇಳುತ್ತೀರಿ. ಅರವತ್ತಕ್ಕೂ ಜಗಳ ಬೇಡ. ಮೂರರ ಮೇಲೆ ಜಗಳವಾಡಿ ಕಣ್ಣು ಒಂದಾದರೆ ಉಳಿದ 57ನ್ನು ಅವರವರು ತಮ್ಮ ಶಾಲೆಯಲ್ಲೇ ಬೇಗ ನೋಡಿ ಮುಗಿಸುತ್ತಾರೆ.

ಶಿಕ್ಷಕರೇ ಕೂತು ಮಾಡಿದ ಕೆಲಸ ಈ ರಾಜ್ಯಕ್ಕೆ ಹೊಸದೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ, ತಮ್ಮ ಊರಿನ ಹಾಡು, ಪ್ರಾಣಿ, ಮಾತುಗಳನ್ನಿಟ್ಟುಕೊಂಡು ಕಾರ್ಡುಗಳನ್ನು ತಾವೇ ಬರೆದರು. ಅದೇ ನಲಿ-ಕಲಿ. ಮಗು ಕಲಿಕಾ ಏಣಿಯಲ್ಲಿ ಎಲ್ಲಿದೆ ಎಂಬುದೇ ಅಲ್ಲಿ ಮೌಲ್ಯಮಾಪನ. ಅದಕ್ಕೆ ಬೇರೆ ಪರೀಕ್ಷೆ ಇರಲಿಲ್ಲ. 2009-10ರಲ್ಲಿ ಅದನ್ನು ರಾಜ್ಯದ ಎಲ್ಲ ಕಡೆ ಒಯ್ದಿರಿ, ಒಳ್ಳೆಯದೇ. ಆದರೆ ಕಾರ್ಡುಗಳು ಅಚ್ಚಾಗಿ ಕಟ್ಟುಕಟ್ಟಾಗಿ ಶಾಲೆಗೆ ಬಂದವೇ ಹೊರತು ಕೋಟೆಯ ಶಿಕ್ಷಕರ ಆ ಕೂಡು ಬೈಠಕ್ಕು ಬರಲಿಲ್ಲ. ಕಾರ್ಡು ಹರಿದರೆ ಇಂಡೆಂಟ್ ಹಾಕಬೇಕೆಂದು ಕಲಿತರು, ಇನ್ನೊಂದು ಬರೆಯಬೇಕೆಂದು ಕಲಿಯಲಿಲ್ಲ.

ಮಧ್ಯಪ್ರದೇಶದ ಹೋಶಂಗಾಬಾದ್‌ನಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮವನ್ನು ನಮ್ಮಂಥ ವಿಜ್ಞಾನ ಶಿಕ್ಷಕರು ಹೊಟ್ಟೆಕಿಚ್ಚಿನಿಂದ ನೆನೆಯುತ್ತೇವೆ. 1978ರಲ್ಲಿ ಅದು ಇಡೀ ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆ ಹಬ್ಬಿತು. ತಿಂಗಳಿಗೊಮ್ಮೆ ಶಿಕ್ಷಕರು ಸಂಗಮ ಕೇಂದ್ರಗಳಲ್ಲಿ ಸೇರುತ್ತಿದ್ದರು. ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂಬುದೇ ಅಲ್ಲಿನ ಚರ್ಚೆ. ಪರೀಕ್ಷೆಗೆ ಮಕ್ಕಳು ಪುಸ್ತಕ ತರಬಹುದಿತ್ತು. ಜೊತೆಗೆ ಕೈಯಾರೆ ಮಾಡಿ ತೋರಿಸುವ ಪ್ರಯೋಗ ಪರೀಕ್ಷೆ ಬೇರೆ. ಸರ್ಕಾರಿ ಶಾಲೆಗಳಲ್ಲಿ, ಸರ್ಕಾರಿ ಶಿಕ್ಷಕರಿಂದ, ಮೂವತ್ತು ವರ್ಷ ನಡೆದದ್ದು ಅದು. 2002ರಲ್ಲಿ ಸರ್ಕಾರವೇ ಮುಚ್ಚಿಸಿತು. ಮುಚ್ಚಿಸಲು ಒಂದು ಆದೇಶ ಸಾಕಾಯಿತು.

ನಮ್ಮಲ್ಲೇ ಇನ್ನೊಂದು ಉದಾಹರಣೆ ಕಣ್ಣೆದುರಿಗಿದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮೂರಿನದೇ ಸಮಸ್ಯೆ ಆರಿಸಿಕೊಂಡು, ದಿನಚರಿ ಪುಸ್ತಕ ಇಟ್ಟು, ತೀರ್ಪುಗಾರರ ಮುಂದೆ ನಿಂತು ಉತ್ತರ ಹೇಳಬೇಕು. ಅಲ್ಲಿ ಕೊಂಡು ತಂದದ್ದು ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಆದರೆ ಅದು ಶಾಲೆಗೆ ಒಂದೋ ಎರಡೋ ತಂಡಕ್ಕೆ ಸಿಗುವ ಭಾಗ್ಯ. ಮೊದಲೇ ಚುರುಕಾಗಿರುವ ಮಕ್ಕಳಿಗೆ ನಿಜವಾದ ಪ್ರಾಜೆಕ್ಟು, ಉಳಿದವರಿಗೆ ಯಮುನೆಯ ನೊರೆ.

ದೂರದ್ದನ್ನೂ ಒಂದು ಹೇಳಿಬಿಡುತ್ತೇನೆ, ಇದೆಲ್ಲ ಹಳ್ಳಿಗಾಡಿನ ಹುಮ್ಮಸ್ಸು ಎನ್ನುವವರಿಗಾಗಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ 1970ರ ದಶಕದ ಆರಂಭದಲ್ಲಿ ಪಬ್ಲಿಕ್ ಪರೀಕ್ಷೆ ಕೈಬಿಟ್ಟು, ಶಾಲೆಗಳೇ ಕೊಡುವ ಅಂಕವನ್ನು ಬೇರೆ ಶಾಲೆಗಳ ಶಿಕ್ಷಕರ ತಂಡಗಳು ಮಕ್ಕಳ ಕೆಲಸಗಳನ್ನು ತರಿಸಿಕೊಂಡು ನೋಡಿ ಸರಿ-ತಪ್ಪು ಹೇಳುವ ಪದ್ಧತಿ ಕಟ್ಟಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಮುಖ್ಯವಾಗಿ ಅದರ ಮೇಲೆ ಮಕ್ಕಳು ವಿಶ್ವವಿದ್ಯಾಲಯ ಸೇರಿದರು. 2020ರಲ್ಲಿ ಹೊರಗಿನ ಪರೀಕ್ಷೆ ಮರಳಿ ಬಂದಿತಾದರೂ ಬಹುತೇಕ ವಿಷಯಗಳಲ್ಲಿ ಮುಕ್ಕಾಲು ಪಾಲು ಅಂಕ ಈಗಲೂ ಶಾಲೆಯದೇ.

ನಾವೋ, ನಂಬಿಕೆ ಕೆಟ್ಟ ಕಡೆಯೆಲ್ಲ ಇನ್ನೊಂದು ಪರೀಕ್ಷೆ ನೆಡುತ್ತೇವೆ. 5, 8, ಆಮೇಲೆ 9ನೇ ತರಗತಿಗೂ ಬೋರ್ಡ್ ಮೌಲ್ಯಾಂಕನ ಎಂದು ಹೊರಟದ್ದು ನೆನಪಿರಬಹುದು. 2023ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ನಡೆಸಿ ಎಂದಿತು. 2024ರ ಮಾರ್ಚ್‌ನಲ್ಲಿ ಮತ್ತೆ ಅದೇ ಏರಿಳಿತ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆ ಕೊಟ್ಟು ಫಲಿತಾಂಶವನ್ನೇ ನಿಲ್ಲಿಸಿತು. ಹತ್ತು ವರ್ಷದ ಮಗು ತನ್ನ ಪರೀಕ್ಷೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿಯಬೇಕಾಯಿತು. ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ನಿನಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂದು ಬರೆದಿದೆ. ಅದನ್ನು ನೆಟ್ಟಗೆ ನಡೆಸಿದ್ದರೆ ಈ ಕೋರ್ಟು ಅಲೆದಾಟದ ಅಗತ್ಯವೇ ಬೀಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ನನ್ನ ಬೇಡಿಕೆ. ಹೊಸ ಯೋಜನೆ ಬೇಡ, ಹೊಸ ಆ್ಯಪ್ ಖಂಡಿತ ಬೇಡ. ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಎಂಬುದೊಂದು ಆಗಲೇ ಇದೆ. ಅಲ್ಲಿ ಏನು ನಡೆಯುತ್ತದೆ ಎಂದು ಹೋಗಿ ಬಂದವರನ್ನು ಕೇಳಿ: ಸಹಿ, ಚಹಾ, ಸುತ್ತೋಲೆ ಓದುವುದು, ಬಾಕಿ ಇರುವ ಮಾಹಿತಿ ನಮೂನೆಗಳ ಪಟ್ಟಿ. ಆ ಸುತ್ತೋಲೆಗಳೆಲ್ಲ ಹಿಂದಿನ ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿಗೆ ಬಂದಿರುತ್ತವೆ. ಪ್ರೌಢಶಾಲೆಯವರಿಗೆ ಅದೂ ಇಲ್ಲ, ಎಂದಾದರೊಮ್ಮೆ ಬ್ಲಾಕ್ ಮಟ್ಟದ ವಿಷಯವಾರು ಕಾರ್ಯಾಗಾರ, ಅಲ್ಲಿ ಪಿಪಿಟಿ. ಈ ಸಭೆಗಳ ಅರ್ಧ ದಿನವನ್ನು ಮಕ್ಕಳ ಕೆಲಸಗಳಿಗೆ ಮೀಸಲಿಡಿ ಎಂದು ಒಂದೇ ಒಂದು ಆದೇಶ ಮಾಡಿ. ಬರುವಾಗ ಪ್ರತಿ ಶಿಕ್ಷಕರೂ ತಮ್ಮ ತರಗತಿಯ ಮೂರು ಕೆಲಸ ತರಲಿ, ಹೆಸರು ಮುಚ್ಚಿ. ಒಂದು ಚೆನ್ನಾಗಿರುವುದು, ಒಂದು ಸುಮಾರಾದದ್ದು, ಒಂದು ಎಷ್ಟು ಕೊಡಬೇಕೆಂದು ತೋಚದ್ದು. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿಯವರು ಭಾಷಣ ಮಾಡದೆ ಚಹಾ ಮಾತ್ರ ತರಿಸಲಿ.

ಆ ಸಭೆಗೆ ಖಾಸಗಿ ಶಾಲೆಯವರನ್ನೂ ಅತಿಥಿ ಶಿಕ್ಷಕರನ್ನೂ ಕರೆಯಿರಿ, ಅನ್ಯ ಕರ್ತವ್ಯದ ಅನುಮತಿ (ಓಓಡಿ) ಕೊಡಿ. ಸುಂಕದಕಟ್ಟೆ, ಹೆಗ್ಗನಹಳ್ಳಿ, ಕಾಮಾಕ್ಷಿಪಾಳ್ಯದ ಕಡೆ ಬೀದಿಗೊಂದು ಕಾನ್ವೆಂಟು. ಕೂಲಿ ಮಾಡುವವರ ಮಕ್ಕಳೂ ಅಲ್ಲಿ ಓದುತ್ತಾರೆ, ಅಲ್ಲಿನ ಮೇಡಂಗಳಿಗೆ ಯಾವ ತರಬೇತಿಯೂ ಇಲ್ಲ, ಅವರು ಕೊಡುವ ಆಂತರಿಕ ಅಂಕವೂ ನಿಮ್ಮ ಅಂಕಪಟ್ಟಿಯ ಮೇಲೇ ಬೀಳುತ್ತದೆ. ಅವರ ಮ್ಯಾನೇಜ್‌ಮೆಂಟಿಗೆ ಇಲಾಖೆಯ ಪತ್ರ ಹೋದರೆ ಮಾತ್ರ ಅವರನ್ನು ಬಿಡುತ್ತಾರೆ.

ಚಟುವಟಿಕೆಗಳ ಸಂಖ್ಯೆ ಇಳಿಸಿ. ಅರ್ಧ ವರ್ಷಕ್ಕೆ ಮೂರು ವಿಷಯಗಳಿಗೆ ಸೇರಿ ಒಂದು ಗಟ್ಟಿ ಪ್ರಾಜೆಕ್ಟ್ ಸಾಕು. ಯಾವುದು ಎಂಬುದನ್ನು ಆ ಕ್ಲಸ್ಟರಿನ ಶಿಕ್ಷಕರೇ ತೀರ್ಮಾನಿಸಲಿ. ನಮ್ಮ ಕಡೆ ನೀರು, ಗಾರ್ಮೆಂಟ್ಸ್ ಪಾಳಿ, ಮಾಗಡಿ ರಸ್ತೆಗೆ ಬರಲಿರುವ ಮೆಟ್ರೊ 3ನೇ ಹಂತ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಆ ಮಾರ್ಗದಲ್ಲಿ ಸುಂಕದಕಟ್ಟೆಯೂ ಒಂದು ನಿಲ್ದಾಣ. ಈಗಲೇ ನಿಂತು ಬಸ್ ಎಣಿಸಿಟ್ಟ ಮಕ್ಕಳ ಕಾಗದಕ್ಕೆ ಮೆಟ್ರೊ ಬಂದ ಮೇಲೆ ಬೆಲೆ ಬರುತ್ತದೆ. ಪೀಣ್ಯದ ಕಡೆಯವರಿಗೆ ಇನ್ನೊಂದಿರುತ್ತದೆ, ಕೆಂಗೇರಿಯವರಿಗೆ ಮತ್ತೊಂದು. ಕೈಮುಗಿದು ಕೇಳುತ್ತೇನೆ, ಡಿಎಸ್‌ಇಆರ್‌ಟಿಯಿಂದ 'ಮಾದರಿ ಪ್ರಾಜೆಕ್ಟ್ ಕೋಶ' ಎಂದು ಪಿಡಿಎಫ್ ಮಾತ್ರ ಬಿಡಬೇಡಿ. ಅದು ಶಾಲೆಗೆ ತಲುಪುವ ಮೊದಲು ಅಂಗಡಿಗೆ ತಲುಪುತ್ತದೆ.

ಇನ್ನೊಂದು, ಇದೇ ಕಷ್ಟದ್ದು. ಶಿಕ್ಷಕರು ನಿಜವಾದ ಅಂಕ ಹಾಕಲು ತೊಡಗಿದರೆ ಮೊದಲ ವರ್ಷ ಆಂತರಿಕ ಅಂಕಗಳು ಧೊಪ್ಪನೆ ಬೀಳುತ್ತವೆ. ಆಗ ಕಾರಣ ಕೇಳಿ ನೋಟಿಸ್ ಬರಬಾರದು. ಜಿಲ್ಲೆಗಳ ರ‍್ಯಾಂಕಿಂಗ್ ಪಟ್ಟಿ ಹಿಡಿದು ಮುಖ್ಯ ಶಿಕ್ಷಕರನ್ನು ವಿಡಿಯೊ ಸಭೆಯಲ್ಲಿ ನಿಲ್ಲಿಸಬಾರದು. ಇದನ್ನು ಬರಹದಲ್ಲಿ ಕೊಡಿ. ಬಾಯಿಮಾತಿನ ಭರವಸೆ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ.

ಶಿಕ್ಷಕರಿಗೆ ಬಿಟ್ಟರೆ ಮೈಗಳ್ಳತನ ಮಾಡುತ್ತಾರೆ ಎಂಬ ಮಾತು ಮೇಲಿನ ಮಹಡಿಗಳಲ್ಲಿ ಕೇಳಿಬರುವುದುಂಟು. ಮಾಡುವವರು ಇದ್ದಾರೆ, ಈಗಲೂ ಮಾಡುತ್ತಿದ್ದಾರೆ, ಫೈಲು ದಪ್ಪವಿರುವುದರಿಂದ ಯಾರಿಗೂ ಕಾಣುತ್ತಿಲ್ಲ. ತನ್ನ ಅಂಕವನ್ನು ನಾಲ್ಕು ಜನ ಸಹೋದ್ಯೋಗಿಗಳೆದುರು ಸಮರ್ಥಿಸಿಕೊಳ್ಳಬೇಕಾದ ಕಡೆ ಮೈಗಳ್ಳತನ ಕಷ್ಟ.

ಉತ್ತರ ಬರೆಯಲು ತಮಗೆ ಸಮಯವಾಗದಿದ್ದರೆ ನಾನೇ ನೃಪತುಂಗ ರಸ್ತೆಗೆ ಬರುತ್ತೇನೆ. ಮಕ್ಕಳ ಮತ್ತು ಪೋಷಕರ ಒಪ್ಪಿಗೆ ಪಡೆದು, ಹೆಸರು ಮುಚ್ಚಿ, ಆ ಮೂರು ಕಾಗದಗಳ ಜೆರಾಕ್ಸ್ ತರುತ್ತೇನೆ. ತಾವೂ ಹತ್ತಕ್ಕೆ ಅಂಕ ಹಾಕಿ. ಪಕ್ಕದ ಕೊಠಡಿಯ ಅಧಿಕಾರಿಗಳೂ ತಮಗೆ ತೋರಿಸದೆ ಹಾಕಲಿ. ಎರಡನ್ನೂ ಒಟ್ಟಿಗಿಟ್ಟು ನೋಡಿದ ಮೇಲೆ ಆದೇಶದ ಕರಡು ಬರೆಯೋಣ. ಶನಿವಾರ ಮಧ್ಯಾಹ್ನವಾದರೆ ಆ ನಾಲ್ವರು ಶಿಕ್ಷಕರೂ ಬರಲು ಸಿದ್ಧರಿದ್ದಾರೆ, ಓಓಡಿ ಇಲ್ಲದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಸುಂಕದಕಟ್ಟೆ, ಬೆಂಗಳೂರು